ಇಸುಬಿಗೆ ಪರೀಕ್ಷೆ ಇಲ್ಲ, ಪಟ್ಟಿ ಇದೆ

1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಸುತ್ತಲಿನ ಊರಿನವರಿಗೂ ಜ್ವರ ಹಿಡಿಯಿತು. ಪುಣೆಯಿಂದ ಬಂದ ಸಂಶೋಧಕರು ಅದೇ ವರ್ಷ ವೈರಸ್ಸನ್ನು ಪತ್ತೆಹಚ್ಚಿದರು. ಈಗ ಮಂಗನ ಕಾಯಿಲೆ ಹೌದೋ ಅಲ್ಲವೋ ಅಂತ ರಕ್ತ ಪರೀಕ್ಷೆಯೇ ಹೇಳುತ್ತದೆ.

ಇದೇ ಜಿಲ್ಲೆಯಲ್ಲಿ ಅದಕ್ಕಿಂತ ಎಷ್ಟೋ ಜಾಸ್ತಿ ಮನೆಗಳಲ್ಲಿರುವ ಇಸುಬಿನ ಕತೆಯೇ ಬೇರೆ. ಮಗುವಿನ ಮೊಣಕೈ ಮಡಿಕೆಯಲ್ಲಿ, ಮಂಡಿಯ ಹಿಂದೆ ನವೆ ಶುರುವಾಗುತ್ತದೆ. ತುರಿಸಿ ತುರಿಸಿ ಚರ್ಮ ದಪ್ಪಗಾಗುತ್ತದೆ. ಹೋಯ್ತು ಅಂದುಕೊಳ್ಳುವಷ್ಟರಲ್ಲಿ ಮತ್ತೆ ಬರುತ್ತದೆ. ಶಿವಮೊಗ್ಗಕ್ಕೆ ಕರೆದುಕೊಂಡು ಹೋದರೆ ಚೀಟಿಯಲ್ಲಿ ಅಟೋಪಿಕ್ ಡರ್ಮಟೈಟಿಸ್ ಅಂತ ಬರೆಯುತ್ತಾರೆ. 'ರಕ್ತ ಪರೀಕ್ಷೆ ಏನಾದ್ರೂ ಮಾಡಿಸ್ಬೇಕಾ ಡಾಕ್ಟ್ರೇ?' ಅಂತ ಕೇಳಿದರೆ, ಇದಕ್ಕೇ ಅಂತ ಒಂದು ಪರೀಕ್ಷೆ ಇಲ್ಲ ಅನ್ನುತ್ತಾರೆ. ಡಾಕ್ಟರು ನೋಡಬೇಕು, ಕೇಳಬೇಕು, ಲೆಕ್ಕ ಹಾಕಿ ಹೇಳಬೇಕು. ಆ ಲೆಕ್ಕದ ಹಿಂದೆ ಇನ್ನೂರು ವರ್ಷಗಳ ವಾದ-ವಿವಾದ ಇದೆ.

ಶುರು ಮಾಡಿದವನು ಲಂಡನ್ನಿನ ರಾಬರ್ಟ್ ವಿಲ್ಲನ್. ಚರ್ಮರೋಗಗಳನ್ನು ಕಣ್ಣಿಗೆ ಕಾಣುವ ರೂಪದ ಮೇಲೆ ವಿಂಗಡಿಸಬೇಕು ಅನ್ನುವುದು ಅವನ ಹಟ. ಗಟ್ಟಿ ಗುಳ್ಳೆಯೋ, ನೀರುಗುಳ್ಳೆಯೋ, ಕೀವೋ, ಹೊಟ್ಟೋ ಅಂತ ನೋಡುವುದು. 1812ರಲ್ಲಿ ವಿಲ್ಲನ್ ತೀರಿಕೊಂಡ ಮೇಲೆ ಶಿಷ್ಯ ಥಾಮಸ್ ಬೇಟ್‌ಮನ್ ಆ ಕೆಲಸ ಮುಂದುವರಿಸಿದ. ಕ್ರಮವೇನೋ ಚೆನ್ನಾಗಿತ್ತು. ಆದರೆ ಇಸುಬು ಒಂದೇ ರೂಪದಲ್ಲಿ ನಿಲ್ಲುವುದಿಲ್ಲವಲ್ಲ! ಈ ವಾರ ರಸಿಕೆ ಸುರಿಸುತ್ತದೆ, ಮುಂದಿನ ವಾರ ಹೊಟ್ಟೇಳುತ್ತದೆ, ತಿಂಗಳುಗಟ್ಟಲೆ ಉಳಿದರೆ ಒರಟಾಗುತ್ತದೆ. ರೂಪವನ್ನಷ್ಟೇ ನೋಡಿದರೆ ಒಂದೇ ಮಗುವಿಗೆ ಮೂರು ಕಾಯಿಲೆ ಹೇಳಬೇಕಾಗುತ್ತದೆ. ಇವೆಲ್ಲ ಒಂದೇ ಇಸುಬಿನ ಬೇರೆ ಬೇರೆ ಹಂತ ಅಂತ ಆಮೇಲೆ ವಾದ ಮಾಡಿದವನು ವಿಯೆನ್ನಾದ ಫರ್ಡಿನಾಂಡ್ ಹೆಬ್ರಾ.

ಫ್ರಾನ್ಸಿನವರು ಚರ್ಮ ಬಿಟ್ಟು ತುರಿಕೆಯ ಬೆನ್ನು ಹತ್ತಿದರು. 1891ರಲ್ಲಿ ಬ್ರೋಕ್ ಮತ್ತು ಝಾಕೆ ಇದು ನರಕ್ಕೆ ಸಂಬಂಧಪಟ್ಟದ್ದು ಅಂದರು. ಮರುವರ್ಷವೇ ಅರ್ನೆಸ್ಟ್ ಬೆನಿಯೆ ಇನ್ನೊಂದು ವಿಷಯ ಎತ್ತಿದ: ಈ ತುರಿಕೆ ಇರುವವರಲ್ಲಿ, ಅವರ ಮನೆಯವರಲ್ಲಿ ಉಬ್ಬಸ, ಅಲರ್ಜಿ ನೆಗಡಿ ಕೂಡ ಇರುತ್ತದೆ. ನಮ್ಮ ಹಳೇ ಅಜ್ಜಿಯರೂ 'ಅಪ್ಪನಿಗೆ ದಮ್ಮು, ಮಗನಿಗೆ ತುರಿ' ಅನ್ನುತ್ತಿದ್ದರು ಅಲ್ವಾ? 1923ರಲ್ಲಿ ಅಮೆರಿಕದ ಕೋಕಾ ಮತ್ತು ಕುಕ್ ಇಂಥ ಮನೆತನದ ಅಲರ್ಜಿಗೆ ಅಟೋಪಿ ಅಂತ ಹೆಸರಿಟ್ಟರು. 1933ರಲ್ಲಿ ವೈಸ್ ಮತ್ತು ಸಲ್ಜ್‌ಬರ್ಗರ್ ಆ ಹೆಸರನ್ನು ಚರ್ಮಕ್ಕೂ ತಂದು ಅಟೋಪಿಕ್ ಡರ್ಮಟೈಟಿಸ್ ಅಂದರು. ಇದೇ ಸಲ್ಜ್‌ಬರ್ಗರ್ 1952ರಲ್ಲಿ ವಿಟನ್ ಜೊತೆ ಸೇರಿ, ಸ್ಟಿರಾಯ್ಡನ್ನು ಮುಲಾಮು ಮಾಡಿ ಹಚ್ಚಿದರೆ ಇಸುಬು ಇಳಿಯುತ್ತದೆ ಅಂತ ತೋರಿಸಿದ.

1960ರ ದಶಕದ ಕೊನೆಗೆ, ಅಲರ್ಜಿ ಇರುವವರ ರಕ್ತದಲ್ಲಿ ಹೆಚ್ಚಾಗಿ ಏರುವ ಐಜಿಇ ಅನ್ನುವ ಪ್ರತಿಕಾಯ ಸಿಕ್ಕಿತು. ಅಂತೂ ಒಂದು ರಕ್ತ ಪರೀಕ್ಷೆ ಬಂತು ಅಂತ ಎಲ್ಲರಿಗೂ ಆಸೆ. ಆಸೆ ಉಳಿಯಲಿಲ್ಲ. ಇಸುಬಿರುವ ಹಲವರಲ್ಲಿ ಐಜಿಇ ಮಾಮೂಲಾಗಿಯೇ ಇರುತ್ತದೆ. ಇಸುಬೇ ಇಲ್ಲದವರಲ್ಲೂ ಏರಿರುತ್ತದೆ. ಹೊಟ್ಟೆಯಲ್ಲಿ ಜಂತುಹುಳ ಇದ್ದರೂ ಏರುತ್ತದೆ.

ಹಾಗಾಗಿ ಪಟ್ಟಿಯೇ ಗತಿಯಾಯಿತು. 1980ರಲ್ಲಿ ಅಮೆರಿಕದ ಜಾನ್ ಹ್ಯಾನಿಫಿನ್ ಮತ್ತು ನಾರ್ವೆಯ ಗಿಯೋರ್ಗ್ ರಾಯ್ಕಾ ನಾಲ್ಕು ಮುಖ್ಯ ಲಕ್ಷಣ, 23 ಚಿಲ್ಲರೆ ಲಕ್ಷಣ ಬರೆದರು. ಮುಖ್ಯವಾದವು ತುರಿಕೆ, ವಯಸ್ಸಿಗೆ ತಕ್ಕ ಜಾಗ, ಮತ್ತೆ ಮತ್ತೆ ಬರುವುದು, ಮನೆತನದ ಅಲರ್ಜಿ. ಇವುಗಳಲ್ಲಿ ಮೂರು, ಚಿಲ್ಲರೆಯಲ್ಲಿ ಮೂರು ಇದ್ದರೆ ಹೌದು ಅನ್ನಬಹುದು.

ನನಗೆ ಇಷ್ಟವಾಗುವುದು ಆ ಚಿಲ್ಲರೆ ಪಟ್ಟಿ. ಮಲೆನಾಡಿನ ಮನೆಯೊಳಗೆ ಕೂತು ಬರೆದ ಹಾಗಿದೆ. ಉಣ್ಣೆ ಆಗದಿರುವುದು ಅದರಲ್ಲೊಂದು. ಮಳೆಗಾಲದಲ್ಲಿ ಕಂಬಳಿ ಹೊದೆಸಿದರೆ ಕಿತ್ತೆಸೆಯುವ ಮಗು ಸುಮ್ನೆ ಹಟ ಮಾಡುತ್ತಿರುವುದಿಲ್ಲ. ಬೆವತರೆ ತುರಿಕೆ ಏಳುವುದು ಇನ್ನೊಂದು. ಅಂಗೈಯಲ್ಲಿ ವಯಸ್ಸಾದವರ ಹಾಗೆ ಒತ್ತೊತ್ತಾದ ಗೆರೆಗಳು. ಕೆಳಗಿನ ರೆಪ್ಪೆಯಡಿ ಒಂದು ಹೆಚ್ಚಿನ ಮಡಿಕೆ. ಮೊಲೆತೊಟ್ಟಿನ ಸುತ್ತ ಇಸುಬು. ಕೆನ್ನೆಯ ಮೇಲೆ ಅಂಚು ಸರಿಯಾಗಿ ಕಾಣದ, ತುಸು ಹೊಟ್ಟಿರುವ ಮಾಸಲು ಬಿಳಿ ಮಚ್ಚೆ. ಈ ಮಚ್ಚೆ ಕಂಡರೆ ನಮ್ಮಲ್ಲಿ ಒಬ್ಬರು ಜಂತುಹುಳದ ಔಷಧಿ ಕುಡಿಸುತ್ತಾರೆ, ಇನ್ನೊಬ್ಬರು ತೊನ್ನು ಅಂತ ಹೆದರಿ ರಾತ್ರಿ ನಿದ್ದೆ ಬಿಡುತ್ತಾರೆ. ತೊನ್ನಾದರೆ ಅಂಚು ಸ್ಪಷ್ಟ, ಹಾಲಿನ ಬಿಳಿ, ಹೊಟ್ಟು ಇರುವುದಿಲ್ಲ.

ಆದರೂ 27 ಅಂಶ ಅಂದರೆ ದೊಡ್ಡಾಸ್ಪತ್ರೆಯ ಕೆಲಸವೇ ಹೊರತು ಹಳ್ಳಿ ಶಾಲೆಯ ಸಮೀಕ್ಷೆಗೆ ಆಗದು. 1994ರಲ್ಲಿ ಬ್ರಿಟನ್ನಿನವರು ಅದನ್ನು ಜರಡಿ ಹಿಡಿದು ಚಿಕ್ಕದು ಮಾಡಿದರು. ಕಳೆದ ಒಂದು ವರ್ಷದಲ್ಲಿ ತುರಿಕೆ ಇರಲೇಬೇಕು. ಜೊತೆಗೆ ಐದರಲ್ಲಿ ಮೂರು ಇರಬೇಕು: ಮಡಿಕೆಗಳಲ್ಲಿ ಹಿಂದೆ ಆಗಿದ್ದು, ಈಗ ಅಲ್ಲಿ ಕಾಣುತ್ತಿರುವುದು, ಒಣ ಚರ್ಮ, ಉಬ್ಬಸ ಅಥವಾ ಅಲರ್ಜಿ ನೆಗಡಿ, ಎರಡು ವರ್ಷದೊಳಗೆ ಶುರುವಾಗಿದ್ದು.

ಇಷ್ಟೆಲ್ಲ ಆದರೂ ಒಂದು ತಕರಾರು ಉಳಿಯುತ್ತದೆ. ಎಷ್ಟು ಜೋರಾಗಿದೆ ಅಂತ ಅಳೆಯುವ ಅಂಕಪಟ್ಟಿಗಳಲ್ಲಿ ಕೆಂಪಗಾಗಿದೆಯಾ ಅನ್ನುವುದಕ್ಕೂ ಅಂಕ ಇದೆ. ಬಿಳಿ ಚರ್ಮದಲ್ಲಿ ಕೆಂಪು ಎದ್ದು ಕಾಣುತ್ತದೆ. ನಮ್ಮ ಚರ್ಮದಲ್ಲಿ ಅದು ಕಂದು, ನೇರಳೆ, ಕೆಲವೊಮ್ಮೆ ಬೂದಿ ಬಣ್ಣ. ಕೆಂಪನ್ನೇ ಹುಡುಕುವ ಕಣ್ಣಿಗೆ ಜೋರಾದ ಇಸುಬೂ ಸಣ್ಣದಾಗಿ ಕಾಣುತ್ತದೆ. ಚರಕ ಸಂಹಿತೆಯಲ್ಲಿ ವಿಚರ್ಚಿಕೆ ಅನ್ನುವ ಚರ್ಮರೋಗದ ಲಕ್ಷಣ ಓದಿದರೆ ಅಲ್ಲಿ ತುರಿಕೆ ಇದೆ, ಗುಳ್ಳೆ ಇದೆ, ಸುರಿಯುವ ರಸಿಕೆ ಇದೆ, ಬಣ್ಣ ಮಾತ್ರ ಕಪ್ಪು ಛಾಯೆ. ಅದೇ ಇವತ್ತಿನ ಇಸುಬು ಅಂತ ನಾನು ಹೇಳುವುದಿಲ್ಲ. ಆದರೆ ಬರೆದವರು ಈ ಕಡೆಯ ಚರ್ಮ ನೋಡಿಯೇ ಬರೆದಿದ್ದಾರೆ.

2006ರಲ್ಲಿ ವಿಂಗಡಣೆಯ ದಾರಿಯೇ ಬದಲಾಯಿತು. ಸ್ಕಾಟ್ಲೆಂಡಿನ ಡಂಡಿಯಲ್ಲಿ ಇರ್ವಿನ್ ಮೆಕ್ಲೀನ್ ಅವರ ತಂಡ ಫಿಲಾಗ್ರಿನ್ ಅನ್ನುವ ಪ್ರೋಟೀನಿನ ಜೀನ್ ಕೆಟ್ಟವರಲ್ಲಿ ಇಸುಬು ಜಾಸ್ತಿ ಅಂತ ತೋರಿಸಿತು. ಚರ್ಮದ ಹೊರಪದರವನ್ನು ಬಿಗಿಯಾಗಿ, ತೇವವಾಗಿ ಇಡುವುದು ಈ ಪ್ರೋಟೀನು. ಅದು ಕಡಿಮೆಯಾದರೆ ಹಂಚು ಜಾರಿದ ಮಾಡಿನ ಸ್ಥಿತಿ: ಒಳಗಿನ ತೇವ ಹೊರಗೆ, ಹೊರಗಿನ ಧೂಳು ಒಳಗೆ. ಅಂಗೈಯ ಒತ್ತು ಗೆರೆಗಳಿಗೂ ಇದೇ ಕಾರಣ. ಎಲ್ಲ ಇಸುಬಿಗೂ ಇದೇ ಮೂಲ ಅಲ್ಲ. ಕೆಲವರಲ್ಲಿ ಮೊದಲು ಕೆಡುವುದು ಚರ್ಮ, ಕೆಲವರಲ್ಲಿ ರೋಗನಿರೋಧಕ ವ್ಯವಸ್ಥೆ. ಒಂದೇ ಕಾಯಿಲೆಯೋ, ಒಂದೇ ಹೆಸರಿನ ಹಲವು ಕಾಯಿಲೆಗಳೋ ಅನ್ನುವ ಹಳೇ ಜಗಳ ಈಗ ಮತ್ತೆ ಶುರುವಾಗಿದೆ. 2017ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಡುಪಿಲುಮ್ಯಾಬ್ ಇಂಜೆಕ್ಷನ್ ಇಸುಬಿನ ಉರಿಯೂತದ ಒಂದು ದಾರಿಯನ್ನಷ್ಟೇ ತಡೆಯುತ್ತದೆ. ತುಂಬಾ ದುಬಾರಿ. ನಮಗೆ ಸದ್ಯಕ್ಕೆ ಉಪಯೋಗ ಬರುವುದು ಚಿಕ್ಕ ವಿಷಯ: ಬಚ್ಚಲ ಹಂಡೆಯ ಕುದಿಯುವಂಥ ನೀರು ಬೇಡ, ಉಗುರುಬೆಚ್ಚಗಿನದು ಸಾಕು, ಮೈ ಪೂರ್ತಿ ಒಣಗುವ ಮೊದಲೇ ತೇವ ಹಿಡಿಯುವ ಮುಲಾಮು ಹಚ್ಚಬೇಕು.

ಪಟ್ಟಿ ಇಟ್ಟುಕೊಂಡಿರುವುದು ಇಸುಬಲ್ಲದ್ದನ್ನು ಬೇರೆ ಮಾಡುವುದಕ್ಕೂ ಹೌದು. ಕಾಡುಗೇರಿನ ಸೊನೆ ತಾಗಿ ಊದಿದ ಮುಖ, ಮೈಲುತುತ್ತ-ಸುಣ್ಣದ ದ್ರಾವಣ ಬಿದ್ದು ಉರಿಯೆದ್ದ ಕೈ, ಕಾಂಗ್ರೆಸ್ ಗಿಡದಿಂದ ಕುತ್ತಿಗೆಗೆ ಬಂದ ತುರಿ, ಇವೆಲ್ಲ ಮುಟ್ಟಿದ್ದರಿಂದ, ಸೋಕಿದ್ದರಿಂದ ಬಂದವು. ಮನೆಯಲ್ಲಿ ಎಲ್ಲರಿಗೂ ರಾತ್ರಿ ತುರಿಕೆ, ಬೆರಳ ಸಂದಿನಲ್ಲಿ ಗುಳ್ಳೆ ಅಂದರೆ ಅದು ಕಜ್ಜಿ. ಎಲ್ಲಕ್ಕಿಂತ ಎಡವಟ್ಟಾಗುವುದು ಹುಳುಕಡ್ಡಿಯಲ್ಲಿ. ಆಷಾಢ-ಶ್ರಾವಣದಲ್ಲಿ ಒಣಗದ ಬಟ್ಟೆ, ಒದ್ದೆ ತೊಡೆಸಂದಿ, ಅಲ್ಲೊಂದು ಉಂಗುರ. ಮೆಡಿಕಲ್ ಶಾಪಿನಲ್ಲಿ ತುರಿಕೆಗೆ ಅಂತ ಕೇಳಿದರೆ ಸ್ಟಿರಾಯ್ಡ್ ಬೆರೆತ ಟ್ಯೂಬ್ ಕೈಗೆ ಬರುತ್ತದೆ. 2018ರಲ್ಲಿ ಕೇಂದ್ರ ಸರಕಾರ ಇಂಥ ಹಲವು ಮುಲಾಮುಗಳನ್ನು ಚೀಟಿ ಇಲ್ಲದೆ ಮಾರುವ ಹಾಗಿಲ್ಲ ಅಂದಿತು. ಸ್ಟಿರಾಯ್ಡ್ ಹಚ್ಚಿದರೆ ಎರಡೇ ದಿನದಲ್ಲಿ ನವೆ ನಿಲ್ಲುತ್ತದೆ, ಉಂಗುರದ ಅಂಚು ಅಳಿಸುತ್ತದೆ, ಶಿಲೀಂಧ್ರ ಒಳಗೊಳಗೇ ಹರಡುತ್ತದೆ. ಆಮೇಲೆ ಡಾಕ್ಟರ ಕಣ್ಣಿಗೂ ಅದು ಇಸುಬಿನ ಹಾಗೇ ಕಾಣಬಹುದು. ಹುಳುಕಡ್ಡಿಗಾದರೆ ಪರೀಕ್ಷೆ ಇದೆ, ಸಲೀಸಾದದ್ದು. ಅಂಚಿನ ಹೊಟ್ಟು ಕೆರೆದು, ಗಾಜಿನ ಮೇಲಿಟ್ಟು, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಶಿಲೀಂಧ್ರದ ಎಳೆಗಳು ಕಾಣುತ್ತವೆ. ಅನುಮಾನ ಬಂದಾಗ ಇದನ್ನು ಕೇಳಿ ಮಾಡಿಸಿಕೊಳ್ಳಬಹುದು. ಹೋಗುವಾಗ ಹಿಂದೆ ಹಚ್ಚಿದ ಟ್ಯೂಬನ್ನು, ಖಾಲಿಯಾಗಿದ್ದರೂ ಸರಿ, ಜೊತೆಗೆ ಒಯ್ಯಿರಿ.