ಓಟಿಲ್ಲದವರ ಸಹಿ: ಅಮೆರಿಕದ ಗುಲಾಮಗಿರಿ ವಿರೋಧಿ ಚಳವಳಿಯಲ್ಲಿ ಹೆಂಗಸರು

ಈ ಪಾಠಕ್ಕೆ ಹ್ಯಾರಿಯೆಟ್ ಟಬ್‌ಮನ್ ಹೆಸರು ಬರೆದು ಮುಂದಕ್ಕೆ ಹೋಗಿಬಿಡುವವರೇ ಹೆಚ್ಚು. 1849ರಲ್ಲಿ ತಾವು ಗುಲಾಮರಾಗಿದ್ದ ಮೇರಿಲ್ಯಾಂಡ್‌ನಿಂದ ತಪ್ಪಿಸಿಕೊಂಡು, ಆಮೇಲೆ ಸುಮಾರು 13 ಸಲ ಅಲ್ಲಿಗೇ ಮರಳಿ 70ರಷ್ಟು ಜನರನ್ನು ಬಿಡಿಸಿ ತಂದವರು, ಅವರನ್ನು ಬಿಡುವಂತಿಲ್ಲ. ಆದರೆ ಚಳವಳಿಯ ದಿನನಿತ್ಯದ ಗಾಣ ಎಳೆದದ್ದು ಕಾಗದ ಹಿಡಿದು ಮನೆ ಮನೆ ಬಾಗಿಲು ತಟ್ಟಿದ ಸಾವಿರಾರು ಹೆಂಗಸರು. ನನ್ನ ಟಿಪ್ಪಣಿ ಅವರ ಸುತ್ತಲೇ.

ಮೊದಲು 1833ರ ಡಿಸೆಂಬರ್ ನೆನಪಿಟ್ಟುಕೊಳ್ಳಿ. ಫಿಲಡೆಲ್ಫಿಯಾದಲ್ಲಿ ಅಮೆರಿಕನ್ ಗುಲಾಮಗಿರಿ ವಿರೋಧಿ ಸಂಘ ಹುಟ್ಟಿದಾಗ ಲುಕ್ರೀಷಿಯಾ ಮಾಟ್ ಎಂಬ ಮಹಿಳೆ ಸಭೆಯಲ್ಲಿ ಮಾತಾಡಿದರು, ಘೋಷಣೆಗೆ ಸಹಿ ಹಾಕಿದ್ದು ಮಾತ್ರ ಗಂಡಸರು. ಕೆಲವೇ ದಿನಗಳಲ್ಲಿ ಹೆಂಗಸರು ತಮ್ಮದೇ ಸಂಘ ಕಟ್ಟಿದರು. ಷಾರ್ಲೆಟ್ ಫೋರ್ಟನ್, ಗ್ರೇಸ್ ಡಗ್ಲಸ್‌ರಂಥ ಕಪ್ಪು ಮಹಿಳೆಯರೂ ಅದರಲ್ಲಿದ್ದರು. ಮೊದಲ ಸಭೆಯಲ್ಲೇ ಒಂದು ತಮಾಷೆ: ಅಧ್ಯಕ್ಷತೆ ವಹಿಸಿ ಯಾರಿಗೂ ಅಭ್ಯಾಸವಿಲ್ಲ! ಜೇಮ್ಸ್ ಮೆಕ್ರಮ್ಮಲ್ ಎಂಬ ಕಪ್ಪು ದಂತವೈದ್ಯರನ್ನು ಕರೆದು ಕೂರಿಸಬೇಕಾಯಿತು.

ಓಟಿಲ್ಲದವರಿಗೆ ಸರ್ಕಾರದ ಕದ ತಟ್ಟಲು ಇದ್ದ ದಾರಿ ಒಂದೇ, ಮನವಿಪತ್ರ. ಅದರಲ್ಲಿ ಕೇಳುತ್ತಿದ್ದದ್ದು ಹೆಚ್ಚಾಗಿ ರಾಜಧಾನಿ ವಾಷಿಂಗ್ಟನ್‌ನಲ್ಲಿ ಗುಲಾಮಗಿರಿ ನಿಲ್ಲಿಸಿ ಎಂದು. ಇಡೀ ದೇಶದಲ್ಲಿ ಯಾಕಲ್ಲ? ರಾಜ್ಯಗಳ ಒಳಗಿನ ಗುಲಾಮಗಿರಿ ಕಾಂಗ್ರೆಸ್ಸಿನ, ಅಂದರೆ ಅಮೆರಿಕದ ಸಂಸತ್ತಿನ, ಕೈಯಲ್ಲಿರಲಿಲ್ಲ, ರಾಜಧಾನಿ ಇತ್ತು. ಪರೀಕ್ಷೆಯಲ್ಲಿ ಈ ಕಾರಣ ಬರೆದರೆ ಉತ್ತರಕ್ಕೆ ತೂಕ ಬರುತ್ತದೆ. ಪತ್ರಗಳು ಎಷ್ಟು ಬಂದವೆಂದರೆ, 1836ರಲ್ಲಿ ಪ್ರತಿನಿಧಿ ಸಭೆ ಅವನ್ನು ಓದದೆಯೇ ಬದಿಗಿಡುವ ‘ಗ್ಯಾಗ್ ರೂಲ್’ ತಂದಿತು, ಅಂದರೆ ಬಾಯಿ ಮುಚ್ಚಿಸುವ ನಿಯಮ. ಮಾಜಿ ಅಧ್ಯಕ್ಷ ಜಾನ್ ಕ್ವಿನ್ಸಿ ಆಡಮ್ಸ್ ಪಟ್ಟು ಬಿಡದೆ ಹೋರಾಡಿ, 1844ರಲ್ಲಿ ಅದು ಹೋಯಿತು. ಅಷ್ಟೂ ವರ್ಷ ಸಹಿ ಸಂಗ್ರಹ ನಿಲ್ಲಲಿಲ್ಲ.

ಇನ್ನು ಆ್ಯಂಜಲೀನಾ ಗ್ರಿಮ್ಕೆ. ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್‌ನ ನ್ಯಾಯಾಧೀಶರ ಮಗಳು, ಗುಲಾಮರಿದ್ದ ಮನೆ. ಗುಲಾಮಗಿರಿಯ ಬಗ್ಗೆ ಅವರು ಹೇಳಿದ್ದೆಲ್ಲ ಕಣ್ಣಾರೆ ಕಂಡದ್ದು. 1838ರ ಮೇ 14ರಂದು ಅವರ ಮದುವೆ. ಎರಡೇ ದಿನಕ್ಕೆ ಫಿಲಡೆಲ್ಫಿಯಾದ ಹೊಚ್ಚಹೊಸ ಪೆನ್ಸಿಲ್ವೇನಿಯಾ ಹಾಲ್‌ನಲ್ಲಿ ಭಾಷಣ. ಹೊರಗೆ ಗಲಾಟೆ, ಕಿಟಕಿಗಳ ಮೇಲೆ ಕಲ್ಲು. ಒಳಗೆ ಅವರು ಒಂದು ಗಂಟೆಯಷ್ಟು ಮಾತಾಡಿದರು. ಗುಂಪಿನ ಕಣ್ಣು ಕುಕ್ಕಿದ್ದು ಭಾಷಣಕ್ಕಿಂತ ಹೆಚ್ಚಾಗಿ ಕಪ್ಪು, ಬಿಳಿ ಹೆಂಗಸರು ಒಟ್ಟಿಗೆ ಕೂತದ್ದು ಎಂದು ನನಗನ್ನಿಸುತ್ತದೆ. ಕಪ್ಪು ಮಹಿಳೆಯರನ್ನು ಬಿಟ್ಟು ಸಭೆ ನಡೆಸಿ ಎಂಬ ಸಲಹೆ ಬಂತು, ಹೆಂಗಸರು ಒಪ್ಪಲಿಲ್ಲ. ತೋಳಿಗೆ ತೋಳು ಸೇರಿಸಿಕೊಂಡು ಆ ಗುಂಪಿನ ನಡುವೆಯೇ ಹೊರನಡೆದರು. 17ರ ರಾತ್ರಿ ಕಟ್ಟಡಕ್ಕೆ ಬೆಂಕಿ ಬಿತ್ತು. ಅಗ್ನಿಶಾಮಕರು ನೀರು ಬಿಟ್ಟದ್ದು ಅಕ್ಕಪಕ್ಕದ ಮನೆಗಳಿಗೆ ಮಾತ್ರ! ಬಾಗಿಲು ತೆರೆದು ಬರೀ ನಾಲ್ಕನೇ ದಿನ ಅದು. ಮಾರನೆಯ ದಿನ ಹೆಂಗಸರು ಸಾರಾ ಪ್ಯೂ ಅವರ ಶಾಲೆಯಲ್ಲಿ ಸೇರಿ ಸಭೆ ಮುಂದುವರಿಸಿದರು.

1840ರದ್ದು ಚಿಕ್ಕದಾಗಿ: ಆ್ಯಬಿ ಕೆಲ್ಲಿ ಎಂಬ ಮಹಿಳೆಯನ್ನು ಸಮಿತಿಗೆ ತೆಗೆದುಕೊಂಡರೆಂದು ಅಮೆರಿಕನ್ ಗುಲಾಮಗಿರಿ ವಿರೋಧಿ ಸಂಘವೇ ಒಡೆಯಿತು. ಅದೇ ವರ್ಷ ಲಂಡನ್ನಿನ ಗುಲಾಮಗಿರಿ ವಿರೋಧಿ ಸಮ್ಮೇಳನಕ್ಕೆ ಹೋದ ಮಾಟ್ ಮುಂತಾದವರಿಗೆ ಹೆಂಗಸರೆಂಬ ಕಾರಣಕ್ಕೆ ಪ್ರತಿನಿಧಿ ಸ್ಥಾನ ಸಿಗಲಿಲ್ಲ. ಅಲ್ಲಿ ಅವರಿಗೆ ಪರಿಚಯವಾದ ಎಲಿಜಬೆತ್ ಕೇಡಿ ಸ್ಟ್ಯಾಂಟನ್ ಜೊತೆಗೇ 1848ರ ಸೆನೆಕಾ ಫಾಲ್ಸ್ ಮಹಿಳಾ ಹಕ್ಕುಗಳ ಸಮಾವೇಶ ನಡೆದದ್ದು.

ಒಂದು ಎಚ್ಚರಿಕೆ. ಗುಲಾಮಗಿರಿಯಿಂದ ಹೊರಬಂದ ಕಪ್ಪು ಭಾಷಣಕಾರ್ತಿ ಸೋಜರ್ನರ್ ಟ್ರೂತ್ ಅವರ ‘ನಾನು ಹೆಂಗಸಲ್ಲವೇ’ ಮಾತನ್ನು ಕಣ್ಣುಮುಚ್ಚಿ ಉಲ್ಲೇಖಿಸಬೇಡಿ. ಭಾಷಣ ಆದದ್ದು 1851ರಲ್ಲಿ, ಆ ವರ್ಷದ ಪತ್ರಿಕಾ ವರದಿಯಲ್ಲಿ ಆ ಸಾಲಿಲ್ಲ. ಅದು ಬರುವುದು 1863ರಲ್ಲಿ ಫ್ರಾನ್ಸಿಸ್ ಗೇಜ್ ಬರೆದದ್ದರಲ್ಲಿ. ಅಲ್ಲಿ ಟ್ರೂತ್ ದಕ್ಷಿಣದವರ ಆಡುಮಾತಿನಲ್ಲಿ ಮಾತಾಡುತ್ತಾರೆ. ಅವರು ಹುಟ್ಟಿದ್ದು ನ್ಯೂಯಾರ್ಕ್ ರಾಜ್ಯದಲ್ಲಿ, ಮೊದಲ ಭಾಷೆ ಡಚ್!

ಮತ್ತೆ ಸಹಿಗೆ ಬರೋಣ. ಅಂತರ್ಯುದ್ಧದ ನಡುವೆ, 1863ರಲ್ಲಿ, ಸ್ಟ್ಯಾಂಟನ್ ಮತ್ತು ಸೂಸನ್ ಆ್ಯಂಟನಿ ಗುಲಾಮಗಿರಿಯನ್ನು ಪೂರ್ತಿ ರದ್ದು ಮಾಡಿ ಎಂದು ಸಹಿ ಸಂಗ್ರಹ ಶುರು ಮಾಡಿದರು. ಕೊನೆಗೆ ಸೇರಿದ್ದು ಹತ್ತಿರ ಹತ್ತಿರ 4 ಲಕ್ಷ. ಮೊದಲ 1 ಲಕ್ಷ ಸಹಿಗಳ ಸುರುಳಿಗಳನ್ನು 1864ರ ಫೆಬ್ರುವರಿಯಲ್ಲಿ ಇಬ್ಬರು ಕಪ್ಪು ಪುರುಷರು ಸೆನೆಟ್ಟಿನೊಳಗೆ ಹೊತ್ತು ತಂದು ಸೆನೆಟರ್ ಚಾರ್ಲ್ಸ್ ಸಮ್ನರ್ ಅವರ ಮೇಜಿನ ಮೇಲಿಟ್ಟರು. ಗುಲಾಮಗಿರಿಯನ್ನು ರದ್ದು ಮಾಡಿದ ಸಂವಿಧಾನದ 13ನೇ ತಿದ್ದುಪಡಿ ಜಾರಿಯಾದದ್ದು 1865ರ ಡಿಸೆಂಬರಿನಲ್ಲಿ.