ಲಿವರ್ ಆಪರೇಷನ್: ತೆಗೆಯೋದು ಎಷ್ಟು ಅಲ್ಲ, ಉಳಿಯೋದು ಎಷ್ಟು

"ಎಲ್‌ಎಫ್‌ಟಿ ನಾರ್ಮಲ್ ಉಂಟಲ್ಲ ಡಾಕ್ಟ್ರೇ, ಮತ್ತೆ ಎಂತ ರಿಸ್ಕ್?" ಲಿವರಿನ ಒಂದು ಭಾಗ ತೆಗೆಯುವ ಆಪರೇಷನಿಗೆ ಮೊದಲು ಅನಸ್ತೇಶಿಯಾ ಫಿಟ್‌ನೆಸ್‌ಗೆ, ಅಂದ್ರೆ ಮತ್ತು ಮದ್ದು, ಆಪರೇಷನ್ ತಡ್ಕೊಳ್ತಾರಾ ಅಂತ ನೋಡುವ ಪರೀಕ್ಷೆಗೆ, ಮಂಗಳೂರಿಗೆ ಬರುವವರು, ಸುಳ್ಯದವರಿರಲಿ ಕುಂದಾಪುರದವರಿರಲಿ, ಹೆಚ್ಚಾಗಿ ಹೀಗೇ ಕೇಳ್ತಾರೆ. ಎಲ್‌ಎಫ್‌ಟಿ ಅಂದ್ರೆ ಲಿವರಿನ ರಕ್ತಪರೀಕ್ಷೆ, ಅದರಲ್ಲಿ ಬರುವ ಎಸ್‌ಜಿಪಿಟಿ ಅಂದ್ರೆ ಲಿವರಿನ ಸೆಲ್ ಹಾಳಾದಾಗ ರಕ್ತಕ್ಕೆ ಸೋರುವ ಎನ್‌ಜೈಮ್ ಅಷ್ಟೆ, ಈಗ ಪೆಟ್ಟು ಬೀಳ್ತಾ ಉಂಟಾ ಅಂತ ಅದು ಹೇಳೀತು, ತಾಕತ್ತು ಎಷ್ಟು ಉಂಟು ಅಂತ ಹೇಳುದಿಲ್ಲ. ಸಿರೋಸಿಸ್ ಆದವರಲ್ಲೂ, ಅಂದ್ರೆ ಲಿವರ್ ಕಲೆಗಟ್ಟಿ ಗಟ್ಟಿಯಾದವರಲ್ಲೂ, ಅದು ನಾರ್ಮಲ್ ಬರೋದುಂಟು.

ನಾವು ಮೊದಲು ನೋಡೋದು ಕತ್ತರಿಸಿದ ಮೇಲೆ ಎಷ್ಟು ಉಳೀತದೆ, ಉಳಿದದ್ದು ಎಂಥ ಲಿವರ್ ಅಂತ. ಬಲಗಡೆ ಭಾಗ ಪೂರ್ತಿ ತೆಗೆದ್ರೆ ಹೆಚ್ಚುಕಮ್ಮಿ ಮೂರರಲ್ಲಿ ಎರಡು ಪಾಲು ಹೋಗ್ತದೆ, ಉಳಿಯೋದು 33 ಪರ್ಸೆಂಟ್ ಆಸುಪಾಸು. ಒಳ್ಳೆ ಲಿವರಿಗೆ 20-25 ಇದ್ರೂ ಸಾಕು, ತುಂಬಾ ಕೀಮೋ ಆದವರಿಗೆ 30 ಬೇಕು, ಸಿರೋಸಿಸ್ ಇದ್ರೆ 40. ಅಂದ್ರೆ ಅದೇ ಆಪರೇಷನ್, ಒಬ್ಬರಿಗೆ ಧಾರಾಳ, ಇನ್ನೊಬ್ಬರಿಗೆ ಅಂಚಿನಲ್ಲಿ, ಮತ್ತೊಬ್ಬರಿಗೆ ಮಾಡ್ಲಿಕ್ಕೇ ಆಗುದಿಲ್ಲ. ಕಮ್ಮಿ ಬಿದ್ರೆ ತೆಗೆಯುವ ಕಡೆಗೆ ಹೋಗುವ ಪೋರ್ಟಲ್ ವೇನ್ (ಕರುಳಿನಿಂದ ಲಿವರಿಗೆ ರಕ್ತ ತರುವ ನಾಳ) ಕೊಂಬೆಯನ್ನು ರೇಡಿಯಾಲಜಿಯವರು ಮೊದಲೇ ಬ್ಲಾಕ್ ಮಾಡ್ತಾರೆ, ಆಗ ಆಚೆ ಕಡೆ ಬೆಳೀತದೆ, ಕೆಲವು ವಾರ ಬಿಟ್ಟು ಮತ್ತೆ ಸಿಟಿ. ನನಗೆ ಕೇಳಿದ್ರೆ ಯಾವ ಸ್ಕೋರಿಗಿಂತಲೂ ಇದೇ ದೊಡ್ಡ ಪರೀಕ್ಷೆ, ಯಾಕಂದ್ರೆ ಆಗಲೂ ಬೆಳೆಯದ ಲಿವರ್ ಆಪರೇಷನ್ ಆದ ಮೇಲೆ ಬೆಳೆದೀತು ಅಂತ ಯಾವ ಧೈರ್ಯದಲ್ಲಿ ಹೇಳೋದು ಮಾರಾಯ್ರೆ.

ಸ್ಕೋರ್ ಬೇಡ ಅಂತಲ್ಲ. ಸಿರೋಸಿಸ್ ಎಷ್ಟು ಜೋರು ಅಂತ ಅಳೆಯುವ ಚೈಲ್ಡ್-ಪ್ಯೂ ಉಂಟು, ಬಿಲಿರುಬಿನ್ (ಕಾಮಾಲೆಯ ಹಳದಿ), ಆಲ್ಬುಮಿನ್ (ಲಿವರ್ ಮಾಡುವ ಪ್ರೋಟೀನ್), ಐಎನ್‌ಆರ್ (ರಕ್ತ ಹೆಪ್ಪುಗಟ್ಟುವ ಅಳತೆ), ಹೊಟ್ಟೆಯಲ್ಲಿ ನೀರು, ಮಂಪರು, ಈ ಐದಕ್ಕೆ ಮಾರ್ಕ್ಸ್. 5-6 ಬಂದ್ರೆ ಎ, 7-9 ಬಿ, 10 ಅಥವಾ ಅದಕ್ಕಿಂತ ಮೇಲೆ ಸಿ, ಸಿ ಆದವರಿಗೆ ಲಿವರ್ ಕತ್ತರಿಸುವ ಮಾತೇ ಇಲ್ಲ. ಆದ್ರೆ ಎ ಬಂತು ಅಂತ ಖುಷಿಪಟ್ಟವರ ಪ್ಲೇಟ್‌ಲೆಟ್ 1 ಲಕ್ಷದ ಕೆಳಗಿದ್ದು ಸ್ಪ್ಲೀನೂ (ಗುಲ್ಮ) ದೊಡ್ಡದಾಗಿದ್ರೆ ಆ ಪೋರ್ಟಲ್ ವೇನಿನ ಪ್ರೆಶರ್ ಏರಿದೆ ಅಂತ ನಮಗೆ ಡೌಟ್, ಅನ್ನನಾಳದ ರಕ್ತನಾಳ ಉಬ್ಬಿದೆಯಾ ಅಂತ ನೋಡುವ ಎಂಡೋಸ್ಕೋಪಿ ಆಗದೆ ನಾನಂತೂ ಸೈನ್ ಹಾಕುದಿಲ್ಲ.

ಇನ್ನು ಊಟದ ವಿಷಯ, ನನಗೆ ನಿಜವಾಗಿ ಸಿಟ್ಟು ಬರೋದು ಇಲ್ಲೇ. "ಲಿವರ್ ಅಲ್ವಾ, ಮೀನು ಮೊಟ್ಟೆ ಎಲ್ಲ ಬಿಡಿಸಿದ್ದೇವೆ, ಬರೀ ಗಂಜಿ ಉಪ್ಪಿನಕಾಯಿ" ಅಂತ ಮನೆಯವರು ಹೆಮ್ಮೆಯಲ್ಲಿ ಹೇಳ್ತಾರೆ, ಪೇಷೆಂಟ್ ನೋಡಿದ್ರೆ ತೊಡೆಯ ಮಾಂಸ ಎಲ್ಲ ಕರಗಿ ಕುರ್ಚಿಯಿಂದ ಏಳ್ಲಿಕ್ಕೆ ಕೈ ಊರ್ತಾರೆ. ಸಿರೋಸಿಸ್ ಇದ್ದವರಿಗೂ ದಿನಕ್ಕೆ ಕೆಜಿ ತೂಕಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕು. ಬೇರೆ ಕಾರಣಕ್ಕೆ ಡಾಕ್ಟ್ರು ಬೇಡ ಅನ್ನದಿದ್ರೆ ಬಂಗುಡೆ ಬೇಯಿಸಿ ಕೊಡಿ, ತಿನ್ನದವರಿಗೆ ಬೇಳೆ, ಮೊಸರು, ಪನೀರ್. ಉಪ್ಪಿನಕಾಯಿ ಬಿಡಿಸಿ, ಹೊಟ್ಟೆಯಲ್ಲಿ ನೀರಿದ್ದವರಿಗೆ ಆ ಉಪ್ಪೇ ಕಷ್ಟ. ಒಂದೆರಡು ಮಹಡಿ ನಿಲ್ಲದೆ ಹತ್ತಿಯಾರಾ ಅಂತಲೂ ನಾನು ಕೇಳ್ತೇನೆ, ಹಾರ್ಟಿನದ್ದೂ ಶ್ವಾಸದ್ದೂ ಅಂದಾಜು ಅದರಲ್ಲೇ ಸುಮಾರು ಸಿಗ್ತದೆ.

ಮತ್ತೆ ಕಾಮಾಲೆಗೆ ಅಂತ ಕುಡಿದ ನಾಟಿ ಮದ್ದು ಇದ್ರೆ ಮುಚ್ಚಿಡಬೇಡಿ. ಕುಡಿತ ಇದ್ರೆ ಅದನ್ನೂ ಹೇಳಿ, ಹೆಂಡ್ತಿ ಎದುರು ಆಗುದಿಲ್ಲ ಅಂದ್ರೆ ಅವರನ್ನು ಸ್ವಲ್ಪ ಹೊರಗೆ ಕೂತ್ಕೊಳ್ಳಿಕ್ಕೆ ನಾನೇ ಹೇಳ್ತೇನೆ. ಬರುವಾಗ ಸಿಟಿಯ ರಿಪೋರ್ಟ್ ಕಾಗದ ಮಾತ್ರ ಅಲ್ಲ, ಸಿಡಿಯೂ ತನ್ನಿ, ವಾಲ್ಯೂಮ್ ಅಳೆಯೋದು ಅದರಲ್ಲಿ.