ವಿಂಡೋಸ್‌ನಲ್ಲಿ ಮಾಡಿಸಿದ ವೆಬ್‌ಸೈಟ್ ಲಿನಕ್ಸ್ ಹೋಸ್ಟಿಂಗ್‌ನಲ್ಲಿ ನಡೆದೀತೇ?

ಪ್ರಶ್ನೆ: ಉಡುಪಿ ಹತ್ತಿರದ ನಮ್ಮ ಯಕ್ಷಗಾನ ಸಂಘಕ್ಕೆ ಒಂದು ಹಳೆಯ ವೆಬ್‌ಸೈಟ್ ಉಂಟು. ಮಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ನಮ್ಮೂರ ಹುಡುಗ ಆಗ ಮಾಡಿಕೊಟ್ಟದ್ದು. ಪುಟಗಳ ಹೆಸರಿನ ಕೊನೆಯಲ್ಲಿ ಡಾಟ್ ಎಎಸ್‌ಪಿ ಅಂತ ಇದೆ, ಆಟದ ಪಟ್ಟಿ ಒಂದು ಆಕ್ಸೆಸ್ ಫೈಲಿನಲ್ಲಿದೆ. ಹುಡುಗ ಈಗ ಗಲ್ಫ್‌ನಲ್ಲಿದ್ದಾನೆ. ಹೋಸ್ಟಿಂಗ್‌ನವರು ವಿಂಡೋಸ್ ಪ್ಲಾನಿನ ದರ ಏರಿಸಿದ್ದಾರೆ, ಲಿನಕ್ಸ್ ಆದರೆ ಅಗ್ಗವಂತೆ. ಇದೇ ಫೈಲುಗಳನ್ನು ಅಲ್ಲಿಗೆ ಹಾಕಿದರೆ ನಡೆಯುತ್ತದಾ?

ಉತ್ತರ: ನಡೆಯುವುದಿಲ್ಲ. ನೋಡುವ ಎಂದು ಒಮ್ಮೆ ಹಾಕಿ ಪರೀಕ್ಷಿಸಲೂ ಬೇಡಿ.

ಎಎಸ್‌ಪಿ ಫೈಲ್ ಎಂದರೆ ಸಾದಾ ಪಠ್ಯ. ಪುಟದ ರೂಪ ಹೇಳುವ ಎಚ್‌ಟಿಎಂಎಲ್ ನಡುವೆ ಅಲ್ಲಲ್ಲಿ ವಿಬಿಸ್ಕ್ರಿಪ್ಟ್ ಎಂಬ ಮೈಕ್ರೋಸಾಫ್ಟ್ ಭಾಷೆಯಲ್ಲಿ ಬರೆದ ಆದೇಶಗಳಿರುತ್ತವೆ. ವಿಂಡೋಸ್ ಸರ್ವರಿನಲ್ಲಿ ಪುಟ ಬಡಿಸುವ ತಂತ್ರಾಂಶವಾದ ಐಐಎಸ್ ಆ ಆದೇಶಗಳನ್ನು ನಡೆಸಿ, ಬಂದ ಫಲಿತಾಂಶವನ್ನು ಮಾತ್ರ ನೋಡುಗರಿಗೆ ಕಳಿಸುತ್ತದೆ. ಲಿನಕ್ಸ್‌ನಲ್ಲಿ ಅದೇ ಕೆಲಸ ಮಾಡುವ ಅಪಾಚೆಗೆ ವಿಬಿಸ್ಕ್ರಿಪ್ಟ್ ಗೊತ್ತಿಲ್ಲ. ಭಾಗವತರಿಲ್ಲದ ರಂಗಸ್ಥಳದಲ್ಲಿ ಪ್ರಸಂಗದ ಪುಸ್ತಕ ಬಿಡಿಸಿಟ್ಟ ಹಾಗೆ: ಪದ್ಯ ಯಾರೂ ಹೇಳುವುದಿಲ್ಲ, ಪುಸ್ತಕವನ್ನು ಮಾತ್ರ ಯಾರು ಬೇಕಾದರೂ ಓದಬಹುದು. ಅಪಾಯ ಇರುವುದು ಇಲ್ಲೇ. ಡೇಟಾಬೇಸ್ ಎಲ್ಲಿದೆ, ಅದರ ಪಾಸ್‌ವರ್ಡ್ ಏನು ಎಂಬುದು ಆ ಫೈಲಿನೊಳಗೇ ಬರೆದಿರುತ್ತದೆ. ವಿಳಾಸ ಒತ್ತಿದವನ ಬ್ರೌಸರಿಗೆ ಅದು ಹಾಗೆಯೇ ಬಂದು ಬೀಳುತ್ತದೆ. ನಿಮ್ಮ ಡೇಟಾಬೇಸ್ ಆಗಿರುವ ಆಕ್ಸೆಸ್ ಫೈಲೂ ಅದೇ ಫೋಲ್ಡರಿನಲ್ಲಿದ್ದರೆ ಅದರೊಳಗಿನದೆಲ್ಲ, ಸದಸ್ಯರ ಫೋನ್ ನಂಬರುಗಳಿದ್ದರೆ ಅವೂ, ಒಂದೇ ಡೌನ್‌ಲೋಡಿಗೆ ಸಿಗುತ್ತವೆ. ಎಎಸ್‌ಪಿಯ ನಂತರ ಬಂದ ಮೈಕ್ರೋಸಾಫ್ಟಿನ ಡಾಟ್‌ನೆಟ್‌ನಲ್ಲಿ ಮಾಡಿದ ಸೈಟುಗಳ ಸೆಟ್ಟಿಂಗ್ ಇರುವ ವೆಬ್ ಕಾನ್ಫಿಗ್ ಫೈಲಿನ ಕತೆಯೂ ಇದೇ. ಐಐಎಸ್ ಅದನ್ನು ಹೊರಗೆ ಕೊಡುವುದಿಲ್ಲ, ಅಪಾಚೆಗೆ ಅದೂ ಹತ್ತರಲ್ಲಿ ಒಂದು ಫೈಲು.

ಲಿನಕ್ಸ್‌ನಲ್ಲಿ ಎಎಸ್‌ಪಿ ನಡೆಸುವ ತಂತ್ರಾಂಶ ಒಂದು ಕಾಲದಲ್ಲಿ ಇತ್ತು. ಚಿಲಿಸಾಫ್ಟ್ ಎಂದು ಹೆಸರು, ಆಮೇಲೆ ಸನ್ ಕಂಪನಿಯ ಕೈಗೆ ಹೋಯಿತು, ಕೊನೆಗೆ ನಿಂತೇಹೋಯಿತು. ಅಪಾಚೆ ಎಎಸ್‌ಪಿ ಎಂಬ ಇನ್ನೊಂದು ಹೆಸರು ಹುಡುಕಿದಾಗ ಸಿಗುತ್ತದೆ. ಅದು ಪರ್ಲ್ ಭಾಷೆಗೆ ಮಾಡಿದ್ದು, ನಿಮ್ಮ ವಿಬಿಸ್ಕ್ರಿಪ್ಟ್‌ಗೆ ಅಲ್ಲ. 2023ರ ಅಕ್ಟೋಬರ್‌ನಲ್ಲಿ ಮೈಕ್ರೋಸಾಫ್ಟೇ ವಿಬಿಸ್ಕ್ರಿಪ್ಟ್ ಅನ್ನು ಹಂತಹಂತವಾಗಿ ಕೈಬಿಡುವುದಾಗಿ ಹೇಳಿದೆ. ಆದ್ದರಿಂದ ಹಳೆಯ ಎಎಸ್‌ಪಿಯನ್ನು ಹೇಗಾದರೂ ಓಡಿಸುವ ಉಪಾಯ ಹುಡುಕುತ್ತಾ ಕೂರುವುದು ವ್ಯರ್ಥ.

ಪುಟಗಳ ಕೊನೆಯಲ್ಲಿ ಎಎಸ್‌ಪಿಎಕ್ಸ್ ಇದ್ದವರ ಲೆಕ್ಕ ಬೇರೆ. 2002ರಲ್ಲಿ ಬಂದ ಡಾಟ್‌ನೆಟ್ ಫ್ರೇಮ್‌ವರ್ಕ್ ವಿಂಡೋಸ್‌ಗೆ ಮಾತ್ರ ಮೀಸಲು. ಅದನ್ನು ಲಿನಕ್ಸ್‌ಗೆ ತರಲು ಹೊರಟ ಮೋನೊದ ಮೊದಲ ಪೂರ್ಣ ಆವೃತ್ತಿ 2004ರಲ್ಲಿ ಬಂತು. ಸರಳ ಸೈಟುಗಳು ಅದರಲ್ಲಿ ನಡೆಯುತ್ತವೆ, ಆದರೆ ಇವತ್ತು ಅದನ್ನು ನಂಬಿ ಹೊಸದಾಗಿ ಹೊರಡಿ ಎಂದು ನಾನು ಹೇಳಲಾರೆ. 2016ರ ಡಾಟ್‌ನೆಟ್ ಕೋರ್ ಮತ್ತು ಅದರ ನಂತರದವು ಲಿನಕ್ಸ್‌ನಲ್ಲಿ ಚೆನ್ನಾಗಿಯೇ ಓಡುತ್ತವೆ. ಆದರೆ ಎಎಸ್‌ಪಿಎಕ್ಸ್ ಪುಟಗಳಿಗೆ ಆಧಾರವಾದ ಹಳೆಯ ವೆಬ್ ಫಾರ್ಮ್ಸ್ ಅದರೊಳಗೆ ಇಲ್ಲ, ಮತ್ತೆ ಬರೆಯಲೇಬೇಕು. ಅಗ್ಗದ ಶೇರ್ಡ್ ಹೋಸ್ಟಿಂಗ್‌ನಲ್ಲಿ ಸಾಮಾನ್ಯವಾಗಿ ಆ ಸೌಲಭ್ಯವೂ ಇರುವುದಿಲ್ಲ, ವಿಪಿಎಸ್, ಅಂದರೆ ನಿಮಗೇ ಮೀಸಲಾದ ವರ್ಚುವಲ್ ಸರ್ವರ್, ತೆಗೆದುಕೊಳ್ಳಬೇಕಾಗುತ್ತದೆ.

ವಿಂಡೋಸ್ ಕಂಪ್ಯೂಟರಿನಲ್ಲಿ ಕುಳಿತು, ಲಿನಕ್ಸ್‌ನಲ್ಲೂ ನಡೆಯುವ ಪಿಎಚ್‌ಪಿ ಭಾಷೆಯಲ್ಲಿ ಸೈಟ್ ಬರೆದವರು ಹೆದರಬೇಕಾಗಿಲ್ಲ. ಫೈಲಿನ ಹೆಸರಿನ ದೊಡ್ಡಕ್ಷರ ಸಣ್ಣಕ್ಷರ ಒಂದನ್ನು ಗಮನಿಸಿ: ವಿಂಡೋಸ್‌ಗೆ ಎರಡೂ ಒಂದೇ, ಲಿನಕ್ಸ್‌ಗೆ ಬೇರೆ ಬೇರೆ. ಮನೆಯಲ್ಲಿ ಕಂಡ ಫೋಟೋ ಸರ್ವರಿನಲ್ಲಿ ಕಾಣುವುದಿಲ್ಲ ಎಂಬ ದೂರಿಗೆ ಹೆಚ್ಚಾಗಿ ಕಾರಣ ಅದೇ.

ನಿಮ್ಮ ಸೈಟಿಗೆ ಬರುವ. ಫೋಲ್ಡರ್ ತೆರೆದು, ಯಾವ ಪುಟಗಳು ನಿಜವಾಗಿ ಡೇಟಾಬೇಸ್ ಕೇಳುತ್ತವೆ ಎಂದು ನೋಡಿ. ಸಂಘದ ಸೈಟಿನಲ್ಲಿ ಆಟದ ಪಟ್ಟಿ, ಹೆಚ್ಚೆಂದರೆ ಒಂದು ವಿಚಾರಣೆಯ ಫಾರ್ಮ್ ಇದ್ದೀತು. ಉಳಿದದ್ದೆಲ್ಲ ಫೋಟೋ, ಇತಿಹಾಸ, ಪದಾಧಿಕಾರಿಗಳ ಹೆಸರು. ಅಷ್ಟನ್ನು ಪಿಎಚ್‌ಪಿಗೆ ಹೊಸದಾಗಿ ಬರೆಯುವುದು ಕೆಲಸ ಗೊತ್ತಿದ್ದವರಿಗೆ ದೊಡ್ಡ ಹೊರೆಯಲ್ಲ. ಬರೆಯುವವರಿಗೆ ಒಂದು ಮಾತು ಹೇಳಿ: ಹಳೆಯ ಕೋಡಿನಲ್ಲಿ, ಫಾರ್ಮಿನಲ್ಲಿ ಟೈಪು ಮಾಡಿದ್ದನ್ನು ನೇರವಾಗಿ ಡೇಟಾಬೇಸ್ ಆದೇಶಕ್ಕೆ ಅಂಟಿಸಿರುತ್ತಾರೆ, ಕಳ್ಳರು ನುಗ್ಗುವ ದಾರಿ ಅದು. ಹೊಸದರಲ್ಲಿ, ಟೈಪು ಮಾಡಿದ್ದನ್ನು ಆದೇಶದಿಂದ ಬೇರೆಯಾಗಿಯೇ ಇಡುವ ಪ್ರಿಪೇರ್ಡ್ ಸ್ಟೇಟ್‌ಮೆಂಟ್ ಬಳಸಲಿ. ಆ ಹುಡುಗನಿಗೂ ಒಂದು ವಾಟ್ಸಾಪ್ ಕರೆ ಮಾಡಿ, ಡೊಮೈನ್ ಯಾರ ಇಮೇಲಿನಲ್ಲಿ ನೋಂದಣಿಯಾಗಿದೆ ಎಂದು ಕೇಳಿ. ಅವನದೇ ಆಗಿದ್ದರೆ ಸಂಘದ ಹೆಸರಿಗೆ ಮಾಡಿಸಿಕೊಳ್ಳದೆ ಮುಂದಿನ ಹೆಜ್ಜೆ ಇಡಬೇಡಿ.

ಕೋಡಿಗಿಂತ ಹೆಚ್ಚು ಕಾಡುವುದು ಒಳಗಿರುವ ಕನ್ನಡ. ಆ ಕಾಲದ ಸೈಟುಗಳಲ್ಲಿ ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಫಾಂಟ್ ಬಳಸುತ್ತಿದ್ದರು. ಡೇಟಾಬೇಸಿನಲ್ಲಿ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ, ಫಾಂಟ್ ಹಾಕಿದಾಗ ಮಾತ್ರ ಕನ್ನಡವಾಗಿ ಕಾಣುತ್ತದೆ. ಅದನ್ನೇ ಲಿನಕ್ಸ್ ಹೋಸ್ಟಿಂಗ್‌ನಲ್ಲಿ ಸಿಗುವ ಡೇಟಾಬೇಸ್ ಆದ ಮೈಎಸ್‌ಕ್ಯೂಎಲ್‌ಗೆ ಸುರಿದರೆ ಮೊಬೈಲಿನಲ್ಲಿ ಯಾರಿಗೂ ಓದಲಾಗದು, ಗೂಗಲ್ ಹುಡುಕಾಟಕ್ಕೂ ಸಿಗದು. ಮೊದಲು ಎಲ್ಲ ಸಾಧನಗಳಿಗೂ ಅರ್ಥವಾಗುವ ಅಕ್ಷರ ಸಂಕೇತವಾದ ಯೂನಿಕೋಡ್‌ಗೆ ಪರಿವರ್ತಿಸಿ, ಆಮೇಲೆ ಪ್ರಸಂಗದ ಹೆಸರು, ಕಲಾವಿದರ ಹೆಸರು, ಊರಿನ ಹೆಸರು ಒಂದೊಂದನ್ನೂ ಕಣ್ಣಿಟ್ಟು ಓದಿ. ಒತ್ತಕ್ಷರ, ಅರ್ಕಾವೊತ್ತಿನಲ್ಲಿ ಪರಿವರ್ತಕಗಳು ಎಡವುವುದುಂಟು. ಹಿಮ್ಮೇಳದವರ ಹೆಸರು ತಪ್ಪಿದರೆ ಫೋನ್ ಬರುವುದು ನಿಮಗೇ ಮಾರಾಯ್ರೆ.

ದಿನಾಂಕವೂ ಹಾಗೆಯೇ. ಆಕ್ಸೆಸ್‌ನಿಂದ ಹೊರತೆಗೆದ ಪಟ್ಟಿಯಲ್ಲಿ 05/12 ಎಂದಿದ್ದರೆ ಅದು ಡಿಸೆಂಬರ್ 5 ಆಗಬಹುದು, ಮೇ 12 ಕೂಡ ಆಗಬಹುದು. ಎರಡೂ ತಿರುಗಾಟದ ದಿನಗಳೇ ಆದ್ದರಿಂದ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಮೈಎಸ್‌ಕ್ಯೂಎಲ್‌ಗೆ ಹಾಕುವ ಮುಂಚೆ ವರ್ಷ, ತಿಂಗಳು, ದಿನ ಎಂಬ ಕ್ರಮಕ್ಕೆ ತಂದುಕೊಳ್ಳಿ.

ಪಟ್ಟಿ ತಿಂಗಳಿಗೊಮ್ಮೆ ಮಾತ್ರ ಬದಲಾಗುವುದಾದರೆ ಡೇಟಾಬೇಸೇ ಬೇಡ. ಒಂದು ಸಾದಾ ಎಚ್‌ಟಿಎಂಎಲ್ ಪುಟ ಸಾಕು, ಅದು ಯಾವ ಸರ್ವರಿನಲ್ಲೂ ನಡೆಯುತ್ತದೆ. ಬರೆಯುವವರು ಯಾರೂ ಸಿಗದಿದ್ದರೆ ಹೆಚ್ಚಿನ ದರ ಕೊಟ್ಟು ಇನ್ನೊಂದು ವರ್ಷ ವಿಂಡೋಸ್‌ನಲ್ಲೇ ಇರಿ, ಅದರಲ್ಲಿ ನಾಚಿಕೆಯೇನಿಲ್ಲ.

ಬದಲಾಯಿಸುವುದೇ ಆದರೆ ಮೇ ಕೊನೆಯ ಪತ್ತನಾಜೆ ಕಳೆದ ಮೇಲೆ, ಮೇಳಗಳು ಗೆಜ್ಜೆ ಬಿಚ್ಚಿದ ಮಳೆಗಾಲದಲ್ಲಿ ಮಾಡಿ. ಆಗ ಆಟದ ಪಟ್ಟಿ ಹುಡುಕಿ ಬರುವವರು ಕಡಿಮೆ. ಹಳೆಯ ಡಾಟ್ ಎಎಸ್‌ಪಿ ವಿಳಾಸ ಒತ್ತಿದವರು ಹೊಸ ಪುಟಕ್ಕೆ ಹೋಗುವಂತೆ ಅಪಾಚೆಯ ಸೆಟ್ಟಿಂಗ್ ಇರುವ ಡಾಟ್ ಎಚ್‌ಟಿಆಕ್ಸೆಸ್ ಫೈಲಿನಲ್ಲಿ 301 ರಿಡೈರೆಕ್ಟ್ ಬರೆಸಿ. ಹೊಸ ಸೈಟ್ ಪೂರ್ತಿ ಪರೀಕ್ಷಿಸಿದ ಮೇಲೆಯೇ, ಡೊಮೈನ್ ಹೆಸರು ಯಾವ ಸರ್ವರಿಗೆ ಹೋಗಬೇಕೆಂದು ಹೇಳುವ ಡಿಎನ್‌ಎಸ್ ಬದಲಿಸಿ, ಅಲ್ಲಿಯವರೆಗೆ ವಿಂಡೋಸ್ ಪ್ಲಾನ್ ರದ್ದು ಮಾಡಬೇಡಿ. ಸಂಘದ ಇಮೇಲ್ ಕೂಡ ಆ ಪ್ಲಾನಿನಲ್ಲೇ ಇದ್ದರೆ ಹಳೆಯ ಪತ್ರಗಳನ್ನೆಲ್ಲ ಮೊದಲೇ ಇಳಿಸಿಟ್ಟುಕೊಳ್ಳಿ. ಪ್ಲಾನ್ ಮುಚ್ಚಿದ ಮೇಲೆ ಅವು ಸಿಗುವುದು ಕಷ್ಟ.